ಓದ್ತೀನಿ, ಓಡ್ತೀನಿ ಅಂತ ಮುಯ್ಯಾಳು ತಪ್ಪಿಸಿದ್ರೆ ಸ್ವಾರ್ಥಾನಾ?

ಕೆರೆಏರಿ_ಓಟ

ಎಲ್ರಿಗೂ ನಮಸ್ಕಾರ. ಮುಳಬಾಗಿಲು ಕಡೆ ಹಳ್ಳಿ ನಂದು, ವಯಸ್ಸು 26. ಬಿಕಾಂ ಮುಗಿಸಿ ವೈಟ್‌ಫೀಲ್ಡ್‌ನಲ್ಲಿ ಎರಡು ವರ್ಷ ಗೋಡೌನ್ ಕೆಲಸ ಮಾಡ್ದೆ. ಪಿಎಸ್‌ಐಗೆ ಓದೋಣ ಅಂತ ಅದನ್ನ ಬಿಟ್ಟು ಊರಿಗೆ ಬಂದು ಎಂಟು ತಿಂಗಳಾಯ್ತು. ಬೆಳಗ್ಗೆ ಐದಕ್ಕೆ ಎದ್ದು ಕೆರೆ ಏರಿ ಮೇಲೆ ಓಟ. 1600 ಮೀಟರ್ ಏಳು ನಿಮಿಷದೊಳಗೆ ಬರ್ಬೇಕು, ನಾನಿನ್ನೂ 7:20ರಲ್ಲೇ ಇದೀನಿ. ಆಮೇಲೆ ಪಂಚಾಯ್ತಿ ಲೈಬ್ರರಿ, ಸಂಜೆವರೆಗೂ ಅಲ್ಲೇ. ಎಣ್ಣೆ ಬಿಟ್ಟೆ, ಅರಳಿಕಟ್ಟೆ ಬಿಟ್ಟೆ, ಕ್ರಿಕೆಟ್ ಬಿಟ್ಟೆ.

ಹೋದ ಮಂಗಳವಾರ ನಮ್ಮ ದೊಡ್ಡಪ್ಪನ ತೋಟದಲ್ಲಿ ಟೊಮೆಟೊ ಕೀಳೋದಿತ್ತು. ನಮ್ಮ ರಾಗಿ ಕೊಯ್ಲಿಗೆ ಅವರ ಮನೆಯಿಂದ ಇಬ್ರು ಬಂದಿದ್ರು, ಅಂದ್ರೆ ನಮ್ಮದು ಮುಯ್ಯಿ ಬಾಕಿ ಇತ್ತು. ಅವತ್ತೇ ಕೋಲಾರದಲ್ಲಿ ನಂಗೆ ಮಾದರಿ ಪರೀಕ್ಷೆ. ತೋಟಕ್ಕೆ ಹೋಗ್ಲಿಲ್ಲ. ಸಂಜೆ ಬಸ್ಸಿಳಿದು ಬರ್ತಿದ್ರೆ ಅಂಗಡಿ ಮುಂದೆ ಎಂಟ್ಹತ್ತು ಜನರ ಎದುರಿಗೆ ದೊಡ್ಡಪ್ಪ ಅಂದಿದ್ದಿಷ್ಟೇ: "ನೀನು ಉದ್ಧಾರ ಆಗಪ್ಪಾ. ಊರು ಹೆಂಗೋ ಇರ್ತದೆ."

ಯಾರೂ ನಗಲಿಲ್ಲ, ಅದೇ ಜಾಸ್ತಿ ಚುಚ್ಚಿದ್ದು. ನಾನೇನು ಕುಡ್ಕೊಂಡು ಬಿದ್ದಿದ್ನಾ, ಜೂಜಾಡ್ತಿದ್ನಾ? ತನ್ನನ್ನ ತಾನು ತಿದ್ಕೊಳ್ಳೋದು ಸ್ವಾರ್ಥ ಹೆಂಗಾಗುತ್ತೆ? ನಿಜವಾಗ್ಲೂ ಕೇಳ್ತಿದೀನಿ, ಸಮಾಧಾನ ಮಾಡಿ ಅಂತ ಅಲ್ಲ.

ಬಂಗಾರಪೇಟೆ_ಪ್ಯಾಸೆಂಜರ್

ಸ್ವಾರ್ಥಾನೂ ಅಲ್ಲ ಏನೂ ಅಲ್ಲ. ಓಡು ಮಗಾ. ಇಪ್ಪತ್ತು ಸೆಕೆಂಡ್ ತಾನೇ.

ಸೀಮೆಎಣ್ಣೆ_ಬುಡ್ಡಿ

ಪಾಸಾದ ದಿನ ಅದೇ ದೊಡ್ಡಪ್ಪ ಬಸ್ ಸ್ಟ್ಯಾಂಡಲ್ಲಿ ಫ್ಲೆಕ್ಸ್ ಹಾಕಿಸ್ತಾರೆ, ಅವರ ಫೋಟೊ ನಿಮ್ಮದಕ್ಕಿಂತ ದೊಡ್ಡದಾಗಿರುತ್ತೆ. ತಲೆ ಕೆಡಿಸ್ಕೋಬೇಡಿ.

ನಿವೃತ್ತ_ಮೇಷ್ಟ್ರು

ಮಗೂ, ನಮ್ಮ ಜಿಲ್ಲೆಯಲ್ಲೇ ಉತ್ತರ ಇದೆ. ಎಚ್. ನರಸಿಂಹಯ್ಯನವರು ಹುಟ್ಟಿದ್ದು ಗೌರಿಬಿದನೂರು ತಾಲ್ಲೂಕು ಹೊಸೂರಲ್ಲಿ, 1920ರಲ್ಲಿ. ಕಡು ಬಡತನ. ಹೈಸ್ಕೂಲು ಓದೋದಕ್ಕೆ ಬೆಂಗಳೂರಿಗೆ ಬಸ್ಸಿಗೆ ಕಾಸಿಲ್ಲದೆ ನಡೆದೇ ಹೋದವರು. ಅವತ್ತು ಊರಿನವರು ಏನಂದಿರಬಹುದು ಯೋಚನೆ ಮಾಡು. ಮನೇಲಿ ಹೊಟ್ಟೆಗಿಲ್ಲ, ಇವನಿಗೆ ಓದಂತೆ ಅಂತ ಒಬ್ಬರಾದರೂ ಅಂದಿರ್ತಾರೆ.

ಆ ಹುಡುಗನೇ ಭೌತಶಾಸ್ತ್ರದ ಮೇಷ್ಟ್ರಾಗಿ, ಮಧ್ಯದಲ್ಲಿ ಚಳವಳಿ ಅಂತ ಜೈಲಿಗೂ ಹೋಗಿ, ಅಮೆರಿಕದ ಓಹಾಯೋದಲ್ಲಿ ಪಿಎಚ್‌ಡಿ ಮಾಡಿ, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದು. ಇದ್ದಿದ್ದು ಮಾತ್ರ ಕಾಲೇಜು ಹಾಸ್ಟೆಲ್ ಕೋಣೆಯಲ್ಲಿ. ಗೌರಿಬಿದನೂರಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ಬಂದಿದ್ದು ಅವರಿಂದ. ಆ ಕಡೆ ಹಳ್ಳಿ ಹೆಣ್ಣುಮಕ್ಕಳು ಮನೆಯಿಂದಲೇ ಹೋಗಿ ಬಂದು ಡಿಗ್ರಿ ಮಾಡಿದ್ದಾರೆ. ಒಬ್ಬ ಹುಡುಗನ ಓದಿನ ಹಟ ಎಷ್ಟು ಮನೆಗೆ ದೀಪ ಆಯ್ತು ನೋಡು.

ಚಿಂತಾಮಣಿ_ಕಡ್ಲೆಪುರಿ

ಮೇಷ್ಟ್ರೇ ನಮಸ್ಕಾರ, ಒಂದು ತಿದ್ದುಪಡಿ. ಗೌರಿಬಿದನೂರು ಚಿಕ್ಕಬಳ್ಳಾಪುರ ಜಿಲ್ಲೆ. ನಮ್ಮ ಜಿಲ್ಲೆ ಅಂತ ಕೋಲಾರದವರು ಎಚ್ಚೆನ್ ಅವರನ್ನ ಹೊಡ್ಕೊಂಡು ಹೋಗ್ಬೇಡಿ.

ನಿವೃತ್ತ_ಮೇಷ್ಟ್ರು

ಜಿಲ್ಲೆ ಬೇರೆಯಾಗಿದ್ದು 2007ರಲ್ಲಪ್ಪಾ. ಅವರು ನಡೆದು ಹೋದಾಗ ಅದೂ ಕೋಲಾರ ಜಿಲ್ಲೆಯೇ. ನಾನು ಪಾಠ ಮಾಡಿದ್ದೂ ಕೋಲಾರ ಜಿಲ್ಲೆಯಲ್ಲೇ, ಪಿಂಚಣಿ ಬರೋದು ಚಿಕ್ಕಬಳ್ಳಾಪುರದಿಂದ.

ಒಣಕೆರೆ

ಎಚ್ಚೆನ್ ಬಗ್ಗೆ ಗೌರವ ಇದೆ. ಆದ್ರೆ ಅಂಥ ಒಬ್ಬರ ಹೆಸರು ಹೇಳಿ ಉಳಿದ ಸಾವಿರ ಜನರ ಲೆಕ್ಕ ಮುಚ್ಚಿಹಾಕ್ಬೇಡಿ ಮೇಷ್ಟ್ರೇ. ನಮ್ಮೂರಿಂದ ಓದಿ ಕೆಲಸ ಹಿಡಿದವರು 14 ಜನ, ಬೆರಳಲ್ಲಿ ಎಣಿಸಿದೀನಿ. ಎಲ್ರೂ ಇದೇ ಲೈಬ್ರರಿಲಿ, ಇದೇ ಹಿರಿಯರ ಆಶೀರ್ವಾದ ತಗೊಂಡು ಓದಿದವರು. ಊರಿಗೆ ವಾಪಸ್ ಬಂದಿದ್ದೇನು ಹೇಳಲಾ? ಗೃಹಪ್ರವೇಶದ ಕಾರ್ಡು. ಅದೂ ಈಗ ವಾಟ್ಸಾಪ್‌ನಲ್ಲಿ.

ಒಬ್ಬ ಹುಡುಗ ಮೇಲೆ ಬಂದ್ರೆ ಊರು ಮೇಲೆ ಬರುತ್ತೆ ಅನ್ನೋದು ಓದೋನು ಹೇಳ್ಕೊಳ್ಳೋ ಸಮಾಧಾನ. ಊರಿಗೆ ಗೊತ್ತಿರೋದು, ಇನ್ನೊಬ್ಬ ಗಟ್ಟಿ ಆಳು ಕಮ್ಮಿ ಆದ ಅಂತ ಅಷ್ಟೇ.

ಬಂಗಾರಪೇಟೆ_ಪ್ಯಾಸೆಂಜರ್

ಒಣಕೆರೆ ಅಣ್ಣ, ಆ 14ರಲ್ಲಿ ನೀವೂ ಒಬ್ರಾ?

ಒಣಕೆರೆ

ಹೌದು. ಅದಕ್ಕೇ ಗೊತ್ತು.

ನಂದಿಬೆಟ್ಟ_ಮಂಜು

ಇವತ್ತಿನ ಅತ್ಯುತ್ತಮ ಉತ್ತರ 👏

ನನ್ನ ಪ್ರಕಾರ ಇದಕ್ಕೆ ವಿಶ್ವೇಶ್ವರಯ್ಯನವರ ಕಥೆ ಸರಿಯಾಗಿ ಹೊಂದುತ್ತೆ. ಮುದ್ದೇನಹಳ್ಳಿ ನಮ್ಮೂರಿಗೆ ಹತ್ರ, ಹಳಬರು ಈಗ್ಲೂ ಹೇಳ್ತಾರೆ. 1910ರಲ್ಲಿ ದಿವಾನರಾಗೋಕೆ ಮುಂಚೆ ನೆಂಟರನ್ನೆಲ್ಲ ಊಟಕ್ಕೆ ಕರೆದು, ನೀವ್ಯಾರೂ ನನ್ನ ಹತ್ರ ಶಿಫಾರಸಿಗೆ ಬರಲ್ಲ ಅಂತ ಮಾತು ಕೊಟ್ರೆ ಮಾತ್ರ ಈ ಕೆಲಸ ಒಪ್ಕೋತೀನಿ ಅಂದ್ರಂತೆ. ಈಗ ಯೋಚ್ನೆ ಮಾಡಿ. ಆ ನೆಂಟರ ಪಾಲಿಗೆ ಅವರು ಸ್ವಾರ್ಥೀನೇ! ನಮ್ಮ ಹುಡುಗ ದಿವಾನ ಆದ, ನಮಗೇನು ಬಂತು ಅಂತ. ಆದ್ರೆ ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾಲಯ, ಸಾಹಿತ್ಯ ಪರಿಷತ್ತು ಎಲ್ಲಾ ಬಂದಿದ್ದು ಅವರು ದಿವಾನರಾಗಿದ್ದಾಗಲೇ. ಸಮುದಾಯ ಅಂದ್ರೆ ಯಾರು ಅನ್ನೋದು ಮೊದಲು ಇತ್ಯರ್ಥ ಆಗ್ಬೇಕು. ದೊಡ್ಡಪ್ಪನ ತೋಟಾನಾ, ರಾಜ್ಯಾನಾ?

ನಿವೃತ್ತ_ಮೇಷ್ಟ್ರು

1912. ಉಳಿದಿದ್ದು ಸರಿ.

ರೀಲ್ಸ್_ವೈರಾಗಿ

ಈ "ಐದಕ್ಕೆ ಏಳಿ, ತಣ್ಣೀರು ಸ್ನಾನ ಮಾಡಿ, ನಿಮ್ಮ ಸರ್ಕಲ್ ಚಿಕ್ಕದು ಮಾಡ್ಕೊಳ್ಳಿ, ನೆಗೆಟಿವ್ ಜನರಿಂದ ದೂರ ಇರಿ" ಅನ್ನೋ ವಿಡಿಯೊ ನೋಡಿ ನೋಡಿ ನಮ್ಮ ಹುಡುಗರಿಗೆ ಅಪ್ಪ ಅಮ್ಮನೇ ನೆಗೆಟಿವ್ ಜನ ಆಗೋಗಿದಾರೆ. ನಮ್ಮ ಅಜ್ಜಿ ಎಪ್ಪತ್ತು ವರ್ಷ ನಾಲ್ಕಕ್ಕೆ ಎದ್ದು ರಾಗಿ ಬೀಸಿದ್ಲು. ಯಾರೂ ಅವಳನ್ನ ಶಿಸ್ತಿನ ಸಿಪಾಯಿ ಅನ್ಲಿಲ್ಲ, ಮುದುಕಿಗೆ ನಿದ್ದೆ ಬರಲ್ಲ ಅಂದ್ರು.

ಕೆರೆಏರಿ_ಓಟ

ನಾನು ವಿಡಿಯೊ ನೋಡಿ ಶುರು ಮಾಡಿದ್ದಲ್ಲ ಅಣ್ಣ. ಗೋಡೌನಲ್ಲಿ ರಾತ್ರಿ ಪಾಳಿ ಮಾಡಿ ಬೆನ್ನು ಹೋಗಿತ್ತು.

ಬೆಂಗಳೂರು_ಪಾಲು

ಬೆಂಗಳೂರು ತನ್ನನ್ನ ತಾನು ಉದ್ಧಾರ ಮಾಡ್ಕೊಂಡು ಸಮುದಾಯಕ್ಕೆ ಏನು ಕೊಡ್ತು ಗೊತ್ತಾ? ಕೆ.ಸಿ. ವ್ಯಾಲಿ ನೀರು, ಅಂದ್ರೆ ತನ್ನ ಚರಂಡಿ ನೀರನ್ನ ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ 😂

ಒಣಕೆರೆ

ನಗ್ಬೇಡ. ಆ ನೀರು ಬಂದ ಮೇಲೆ ನಮ್ಮ ಕಡೆ ಸತ್ತೋಗಿದ್ದ ಬೋರ್‌ವೆಲ್ ಎದ್ದಿದೆ. 2018ಕ್ಕೆ ಮುಂಚೆ ನನ್ನ ಹೆಸರೇ ನಮ್ಮೂರ ಕೆರೆ ಸ್ಥಿತಿ.

ಬೆಂಗಳೂರು_ಪಾಲು

ಎರಡೇ ಹಂತ ಶುದ್ಧಿ ಮಾಡಿ ಬಿಡ್ತಿದಾರೆ ಅಣ್ಣ. ಮೂರನೇ ಹಂತ ಎಲ್ಲಿ? ದಿನಕ್ಕೆ 440 ದಶಲಕ್ಷ ಲೀಟರ್ ಅಂತ ಯೋಜನೆ, ನೊರೆ ಬಂದಿದ್ದೂ ನೋಡಿದೀವಿ. ನೀವು ಆ ಕೆರೆ ನೀರು ಕುಡೀತೀರಾ?

ಒಣಕೆರೆ

ಕುಡಿಯೋಕಲ್ಲ, ಅಂತರ್ಜಲಕ್ಕೆ ಅಂತಾನೇ ಬಿಟ್ಟಿರೋದು. ಮೂರನೇ ಹಂತ ಬೇಕು ಅನ್ನೋದಕ್ಕೆ ನನ್ನದೂ ಸಹಿ ಇದೆ. ಬೇಡ ಅನ್ನೋದಕ್ಕೆ ಇಲ್ಲ.

ಸೀಮೆಎಣ್ಣೆ_ಬುಡ್ಡಿ

ಕೋಲಾರದವರು ಯಾವ ವಿಷಯ ಮಾತಾಡಿದ್ರೂ ಹತ್ತನೇ ಉತ್ತರಕ್ಕೆ ನೀರಿಗೆ ಬಂದೇ ಬರ್ತೀರ. ವಾಪಸ್ ಬನ್ನಿ.

ಹಾಲಿನ_ಕ್ಯಾನು

ಇಷ್ಟೊತ್ತು ಓದಿದೆ. ಎಚ್ಚೆನ್ ಬಂದ್ರು, ದಿವಾನರು ಬಂದ್ರು, ಕೆರೆ ಬಂತು. ಒಂದು ಪ್ರಶ್ನೆ ಯಾರೂ ಕೇಳ್ಲಿಲ್ಲ.

ತಮ್ಮಾ, ಐದಕ್ಕೆ ಎದ್ದು ಏರಿ ಮೇಲೆ ಓಡ್ತೀಯಲ್ಲ. ನಿಮ್ಮನೇಲಿ ಹಸು ಇದ್ಯಾ? ಹಾಲು ಕರೆಯೋರು ಯಾರು?

ಕೆರೆಏರಿ_ಓಟ

ಎರಡು ಸೀಮೆ ಹಸು ಇದೆ ಅಕ್ಕ. ಅಮ್ಮ ಕರೀತಾರೆ. ಯಾಕೆ?

ಹಾಲಿನ_ಕ್ಯಾನು

ನೀನು ಗೋಡೌನ್ ಬಿಟ್ಟು ಬರೋಕೆ ಮುಂಚೆ ಅವರು ಎಷ್ಟೊತ್ತಿಗೆ ಏಳ್ತಿದ್ರು, ಈಗ ಎಷ್ಟೊತ್ತಿಗೆ ಏಳ್ತಾರೆ?

ನಂದಿಬೆಟ್ಟ_ಮಂಜು

ಅಯ್ಯೋ ಮೇಡಂ, ಹುಡುಗ ಏನೋ ಒಳ್ಳೇ ದಾರಿಗೆ ಬಂದಿದಾನೆ, ಅದರಲ್ಲೂ ತಪ್ಪು ಹುಡುಕ್ಬೇಕಾ? ತಾಯಿ ಮಾಡಲ್ವಾ ಮಗನಿಗೆ?

ಹಾಲಿನ_ಕ್ಯಾನು

ತಪ್ಪು ಹುಡುಕ್ತಿಲ್ಲ ಸರ್, ಲೆಕ್ಕ ಕೇಳ್ತಿದೀನಿ. ದೊಡ್ಡಪ್ಪನ ಮುಯ್ಯಿ ಲೆಕ್ಕ ಅಂಗಡಿ ಮುಂದೆ ಬಂತು. ಅಮ್ಮಂದಿರ ಮುಯ್ಯಿ ಎಲ್ಲೂ ಬರಲ್ಲ.

ನಂದೇ ಹೇಳ್ತೀನಿ. ಶ್ರೀನಿವಾಸಪುರ ತಾಲ್ಲೂಕು. ನಾನು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು, ನನ್ನ ತಮ್ಮ ಸೆಕೆಂಡ್ ಕ್ಲಾಸು. ಪಿಯುಸಿಗೆ ಅವನು ಹೋದ. ಮೂರು ಹಸು, ಬೆಳಗ್ಗೆ ಸಂಜೆ ಡೈರಿಗೆ ಕ್ಯಾನು ಹೊತ್ತಿದ್ದು ನಾನು. ಡೈರಿಯಲ್ಲಿ ಫ್ಯಾಟ್ ಕಮ್ಮಿ ಬಂದ್ರೆ ಮನೇಲಿ ಬೈಸ್ಕೊಂಡಿದ್ದೂ ನಾನು. ಅವನ ಹಾಸ್ಟೆಲ್ ಫೀಸು ಆ ಹಾಲಿನ ಬಿಲ್ಲಿಂದ ಹೋಗ್ತಿತ್ತು. ಈಗ ಅವನಿಗೆ ಸರ್ಕಾರಿ ಕೆಲಸ, ಒಳ್ಳೇ ಹುಡುಗ, ಹಬ್ಬಕ್ಕೆ ಸೀರೆ ತರ್ತಾನೆ. ಇಲ್ಲ ಅನ್ನಲ್ಲ.

ಹೋದ ವರ್ಷ ನಾನು ಕಂಪ್ಯೂಟರ್ ಕ್ಲಾಸಿಗೆ ಸೇರ್ತೀನಿ ಅಂದೆ. ದಿನಾ ಒಂದು ಗಂಟೆ, ಆರು ತಿಂಗಳು. ನಮ್ಮ ಸಂಘದ ಲೆಕ್ಕ ನಾನೇ ಬರೆಯೋದು, ಅದನ್ನ ಕಂಪ್ಯೂಟರಲ್ಲಿ ಮಾಡೋಣ ಅಂತ. ಮನೆಯವರು ಏನಂದ್ರು ಗೊತ್ತಾ? "ಈ ವಯಸ್ಸಲ್ಲಿ ನಿಂಗ್ಯಾಕೆ ಆ ಶೋಕಿ?" ತಮ್ಮ ಓದಿದ್ರೆ ಮನೆ ಉದ್ಧಾರ, ನಾನು ಓದಿದ್ರೆ ಶೋಕಿ. ಸ್ವಾರ್ಥ ಅನ್ನೋ ಮಾತು ಯಾರ ಬಾಯಿಂದ ಬರುತ್ತೆ, ಯಾರ ಮೇಲೆ ಬೀಳುತ್ತೆ, ಅದನ್ನೂ ಸ್ವಲ್ಪ ನೋಡಿ.

ರೀಲ್ಸ್_ವೈರಾಗಿ

ಅಕ್ಕ 🙏

ಚಿಂತಾಮಣಿ_ಕಡ್ಲೆಪುರಿ

ಸೇರಿದ್ರಾ ಕ್ಲಾಸಿಗೆ?

ಹಾಲಿನ_ಕ್ಯಾನು

ಸೇರಿದೆ. ಎಕ್ಸೆಲ್ ಬರುತ್ತೆ ಈಗ. ಕೂಡೋದು ನಂಗೆ ಕೈಯಲ್ಲೇ ಬೇಗ, ಆದ್ರೂ ಬರುತ್ತೆ.

ಸಿದ್ಧಗಂಗೆ_ಹಳೇಹುಡುಗ

ನಾನು ತುಮಕೂರಿನವನು, ತಡವಾಗಿ ನೋಡ್ದೆ. ಮಠದ ಹಾಸ್ಟೆಲಲ್ಲಿ ಐದು ವರ್ಷ ಇದ್ದೆ. ಸುಮಾರು ಹತ್ತು ಸಾವಿರ ಮಕ್ಕಳು ಅಲ್ಲಿ ಉಂಡು ಓದೋರು, ಒಲೆ ಆರಿದ್ದು ನಾನಂತೂ ಒಂದಿನಾನೂ ನೋಡಿಲ್ಲ. ದೊಡ್ಡ ಬುದ್ಧಿಯವರು (ಶಿವಕುಮಾರ ಸ್ವಾಮೀಜಿ, 2019ರ ಜನವರಿಯಲ್ಲಿ ಲಿಂಗೈಕ್ಯರಾದಾಗ ಅವರಿಗೆ 111) ನಾವು ಏಳೋಕೆ ಎಷ್ಟೋ ಮುಂಚೆ ಎದ್ದು ಪೂಜೆಗೆ ಕೂತಿರ್ತಿದ್ರು. ಅದು ಅವರ ಸ್ವಂತ ಸಾಧನೆ, ಅದಕ್ಕೆ ಯಾರೂ ಅಡ್ಡ ಬರ್ತಿರ್ಲಿಲ್ಲ. ಆದ್ರೆ ಪೂಜೆ ಮುಗೀತು ಅಂದ್ರೆ ದಾಸೋಹದ ಕಡೆ ಕಣ್ಣು. ಕಾಯಕ ಇದ್ರೆ ದಾಸೋಹಾನೂ ಇರ್ಬೇಕು ಅನ್ನೋದನ್ನ ನಾವು ಪುಸ್ತಕದಲ್ಲಿ ಓದಿ ಕಲೀಲಿಲ್ಲ, ಪಂಕ್ತೀಲಿ ಬಡಿಸಿ ಕಲಿತ್ವಿ. ಹನ್ನೆರಡು ವರ್ಷದ ಹುಡುಗ ಸಾರಿನ ಬಕೆಟ್ ಹಿಡ್ಕೊಂಡು ಇಡೀ ಸಾಲಿಗೆ ಬಡಿಸಿ ಬರೋಷ್ಟರಲ್ಲಿ ಕೈ ಸೋತೋಗೋದು, ತನಗೆ ಹಸಿವು ಬೇರೆ. ಯಾವ ಭಾಷಣವೂ ನಂಗೆ ಅಷ್ಟು ನೆನಪಿಲ್ಲ.

ಹಾಗಂತ ಅಲ್ಲಿಂದ ಬಂದೋರೆಲ್ಲ ದೊಡ್ಡ ಸಮಾಜಸೇವಕರಾಗಿಲ್ಲ. ನಾನೂ ಆಗಿಲ್ಲ, ಬಡ್ಡಿ ಕಟ್ಕೊಂಡು ಬದುಕ್ತಿದೀನಿ.

ಒಣಕೆರೆ

ಕೊನೇ ಸಾಲಿಗೆ ನನ್ನ ಮತ.

ಕಲ್ಲೂರಿ_ರೈತ

ನಾನು ಆ ದೊಡ್ಡಪ್ಪನ ವಯಸ್ಸಿನೋನು. ಬರೆಯೋಕೆ ಮಗಳು ಸಹಾಯ ಮಾಡ್ತಾವ್ಳೆ. ಮುಯ್ಯಾಳು ಅಂದ್ರೆ ಪಟ್ಟಣದವರಿಗೆ ಗೊತ್ತಿಲ್ಲ, ಹೇಳ್ತೀನಿ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದುಡ್ಡಿಲ್ಲ ಕಾಸಿಲ್ಲ, ಊಟ ಮಾತ್ರ. ಅದು ಪ್ರೀತಿ ಅಂತ ತಿಳ್ಕೋಬೇಡಿ, ಲೆಕ್ಕ. ಒಬ್ಬ ತಪ್ಪಿಸಿದ್ರೆ ಸಾಲೆಲ್ಲ ಕೆಡ್ತದೆ, ಯಾಕಂದ್ರೆ ಅವನನ್ನ ನಂಬ್ಕೊಂಡು ನಾನು ಕೂಲಿಯೋರಿಗೆ ಹೇಳಿರಾಕಿಲ್ಲ. ಟೊಮೆಟೊ ಬೇರೆ. ರಾಗಿ ಆದ್ರೆ ಎರಡು ದಿನ ತಡೀತದೆ, ಹಣ್ಣಾದ ಟೊಮೆಟೊ ತಡೀತದಾ? ಬೆಳಗ್ಗೆ ಕಿತ್ತು ಬಾಕ್ಸ್ ತುಂಬಿ ಕೋಲಾರದ ಮಂಡಿಗೆ ಹೊತ್ತಿಗೆ ಸರಿಯಾಗಿ ಹೋಗ್ಬೇಕು. ತಡವಾದ್ರೆ ಅವತ್ತಿನ ರೇಟು ಹೋಯ್ತು. 2023ರ ಜುಲೈಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತು. ಅದೇ ಬಾಕ್ಸನ್ನ ಕೇಳೋರಿಲ್ಲದೆ ರಸ್ತೆಗೆ ಸುರಿದಿದ್ದೂ ನಾನೇ. ಆ ರೇಟಿನ ಭಯದಲ್ಲಿ ಮಾತು ಒರಟಾಗಿ ಬರ್ತದೆ.

ಹುಡುಗ ಪರೀಕ್ಷೆಗೆ ಹೋಗಿದ್ದು ತಪ್ಪಲ್ಲ. ಹಿಂದಿನ ದಿನ ಹೋಗಿ "ದೊಡ್ಡಪ್ಪಾ, ನಾಳೆ ಆಗಾಕಿಲ್ಲ, ಒಬ್ಬ ಕೂಲಿಯೋನ್ನ ನೋಡ್ಕೋ, ಕಾಸು ನಾನು ಕೊಡ್ತೀನಿ" ಅಂದ್ನಾ? ಅದೊಂದು ಕೇಳಿ.

ಕೆರೆಏರಿ_ಓಟ

ಹೇಳಿರ್ಲಿಲ್ಲ. ಫೋನ್ ಸೈಲೆಂಟಲ್ಲಿತ್ತು.

ಕಲ್ಲೂರಿ_ರೈತ

ಅಷ್ಟೇ ಮಗಾ. ನಿನ್ನ ಓದು ಅವನಿಗೆ ನೋವಾಗಿಲ್ಲ, ಸೈಲೆಂಟು ನೋವಾಗಿದೆ.

ಬಂಗಾರಪೇಟೆ_ಪ್ಯಾಸೆಂಜರ್

ಯಜಮಾನ್ರೇ ಸರಿಯಾಗಿ ಹೇಳಿದ್ರಿ. ಆದ್ರೂ ಓದೋರ ಕಷ್ಟಾನೂ ಸ್ವಲ್ಪ ಕೇಳಿ. ನಾನು 545 ಹುದ್ದೆಯ ಪಿಎಸ್‌ಐ ಪರೀಕ್ಷೆ ಬರೆದವನು, 2021ರ ಅಕ್ಟೋಬರ್. ಮಾರಿಕುಪ್ಪಂ ಗಾಡೀಲಿ ಬಾಗಿಲ ಹತ್ರ ನಿಂತ್ಕೊಂಡೇ ಓದಿದ್ದು. ಎರಡು ವರ್ಷ ನೆಂಟರ ಮದುವೆಗೂ ಹೋಗಿರ್ಲಿಲ್ಲ. 2022ರಲ್ಲಿ ಅಕ್ರಮ ಅಂತ ಪರೀಕ್ಷೆಯೇ ರದ್ದು. ಮರುಪರೀಕ್ಷೆ ಆಗಿದ್ದು 2024ರ ಜನವರಿಲಿ, ಅಷ್ಟೊತ್ತಿಗೆ ನಂಗೆ ಮಗು ಆಗಿತ್ತು. ಯಾರೋ ದುಡ್ಡು ಕೊಟ್ಟು ಮಾಡಿದ ಅಡ್ಡದಾರಿಗೆ ಸೀದಾ ಓದಿದವರ ವರ್ಷಗಳು ಹೋದ್ವು. ಸ್ವಾರ್ಥ ಅನ್ನೋ ಪದ ಆ ಅಡ್ಡದಾರಿಯೋರಿಗೆ ಇಟ್ಕೊಳ್ಳಿ, ಐದಕ್ಕೆದ್ದು ಓಡೋನಿಗೆ ಬೇಡ.

ಚಿಂತಾಮಣಿ_ಕಡ್ಲೆಪುರಿ

ಮರುಪರೀಕ್ಷೆ ಬರೆದ್ರಾ?

ಬಂಗಾರಪೇಟೆ_ಪ್ಯಾಸೆಂಜರ್

ಬರೆದೆ. ಆಗ್ಲಿಲ್ಲ. ಈಗ ಅದೇ ಗಾಡೀಲಿ ಕಂಪನಿ ಕೆಲಸಕ್ಕೆ ಹೋಗ್ತೀನಿ. ಒಂದು ಲಾಭ ಹೇಳ್ಲಾ? ನಮ್ಮ ಬೋಗೀಲಿ ನಾಲ್ಕು ಹುಡುಗರಿಗೆ ವೈಟ್‌ಫೀಲ್ಡ್ ಬರೋವರೆಗೂ ಸಂವಿಧಾನ, ಮೆಂಟಲ್ ಎಬಿಲಿಟಿ ಹೇಳ್ಕೊಡ್ತೀನಿ. ಒಬ್ಬ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆದ. ನಾನು ಓದಿದ್ದು ನಂಗೆ ಹತ್ಲಿಲ್ಲ, ಪಕ್ಕದ ಸೀಟಿನೋನಿಗೆ ಹತ್ತು.

ನಂದಿಬೆಟ್ಟ_ಮಂಜು

ಇದಕ್ಕಿಂತ ಉತ್ತರ ಬೇಕಾ! ಮುಗೀತು ಚರ್ಚೆ.

ರೀಲ್ಸ್_ವೈರಾಗಿ

ಮಂಜು ಅವರೇ, ನೀವು ಇದನ್ನೇ ಒಣಕೆರೆ ಉತ್ತರಕ್ಕೂ ಅಂದಿದ್ರಿ.

ನಿವೃತ್ತ_ಮೇಷ್ಟ್ರು

ಕ್ಯಾನಿನಕ್ಕನ ಪ್ರಶ್ನೆಗೆ ಹುಡುಗ ಇನ್ನೂ ಉತ್ತರ ಕೊಟ್ಟಿಲ್ಲ. ನಾನು ನರಸಿಂಹಯ್ಯನವರ ವಿಷಯ ಹೇಳುವಾಗ ಅವರ ತಾಯಿ ಬಗ್ಗೆ ಒಂದು ಸಾಲೂ ಬರೆಯಲಿಲ್ಲ ಅನ್ನೋದು ಈಗ ಹೊಳೀತು. ಮೂವತ್ತನಾಲ್ಕು ವರ್ಷ ಪಾಠ ಮಾಡಿದವನಿಗೆ ಇಷ್ಟು ತಡವಾಗಿ.

ಕೆರೆಏರಿ_ಓಟ

ಎರಡು ದಿನ ಬರಲಿಲ್ಲ, ಕ್ಷಮಿಸಿ.

ಅಮ್ಮನ್ನ ಕೇಳಿದೆ. ನಾನು ಬೆಂಗಳೂರಲ್ಲಿದ್ದಾಗ ಐದೂವರೆಗೆ ಏಳ್ತಿದ್ರಂತೆ. ಈಗ ನಾಲ್ಕೂವರೆಗೆ. ಯಾಕೆ ಅಂದ್ರೆ, ನಾನು ಓಟಕ್ಕೆ ಹೊರಡೋ ಮುಂಚೆ ರಾಗಿ ಗಂಜಿ, ಓಡಿ ಬಂದ ತಕ್ಷಣ ಬೇಯಿಸಿದ ಮೊಟ್ಟೆ, ನೆನೆಸಿದ ಕಡಲೆ. ಆ ಮಧ್ಯದಲ್ಲಿ ಕೊಟ್ಟಿಗೆ ಗುಡಿಸಿ ಹಾಲು ಕರೆದು ಆರೂವರೆ ಒಳಗೆ ಡೈರಿಗೆ. ಎಂಟು ತಿಂಗಳಿಂದ ನಾನು ಐದಕ್ಕೆ ಏಳ್ತೀನಿ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೀನಿ. ನಾನು ಎದ್ದಾಗ ಅಡುಗೆಮನೆ ಲೈಟ್ ಹತ್ತಿರ್ತಿತ್ತು, ಯಾಕೆ ಹತ್ತಿದೆ ಅಂತ ಒಂದಿನಾನೂ ಯೋಚ್ನೆ ಮಾಡಿಲ್ಲ.

"ನಿಂಗೆ ಕಷ್ಟ ಆಗ್ತಿದ್ಯಾ ಅಮ್ಮಾ" ಅಂದಿದ್ದಕ್ಕೆ "ಮೊದ್ಲು ಏಳು ನಿಮಿಷದೊಳಗೆ ಬಾ" ಅಂದ್ರು. ಟೈಮಿಂಗ್ ಅವರಿಗೂ ಗೊತ್ತು.

ದೊಡ್ಡಪ್ಪನ ಮನೆಗೂ ಹೋಗಿದ್ದೆ. ಮಾತಾಡ್ಲಿಲ್ಲ, ಕೂತ್ಕೋ ಅಂದ್ರು, ಕಾಫಿ ಬಂತು. ಶುಕ್ರವಾರ ಇನ್ನೊಂದು ಸಲ ಕೀಳೋದಿದೆ. ಬರ್ತೀನಿ ಅಂದೆ. ಪರೀಕ್ಷೆ ಇಲ್ವಾ ಅಂದ್ರು. ಇದೆ, ಶನಿವಾರ ಅಂದೆ. ಹಂಗಾದ್ರೆ ಮಧ್ಯಾಹ್ನದವರೆಗೂ ಇರು ಸಾಕು ಅಂದ್ರು.

ಒಣಕೆರೆ ಅಣ್ಣನ 14 ಜನರ ಲೆಕ್ಕಕ್ಕೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ. ನಾನು ಹದಿನೈದನೆಯವನಾಗಲ್ಲ ಅಂತ ಈಗಲೇ ಹೆಂಗೆ ಹೇಳ್ಲಿ?

ಒಣಕೆರೆ

ಹೇಳ್ಬೇಡ. ನಾನೂ ಆಗ ದೊಡ್ಡದಾಗಿ ಹೇಳಿದ್ದೆ.

ಕಲ್ಲೂರಿ_ರೈತ

ಶುಕ್ರವಾರ ತೊಟ್ಟು ಸಮೇತ ಕೀಳ್ಬೇಡ, ಬಾಕ್ಸಲ್ಲಿ ಒಂದಕ್ಕೊಂದು ಚುಚ್ತದೆ.

ಕೆರೆಏರಿ_ಓಟ

ಸರಿ ಯಜಮಾನ್ರೇ. ಇನ್ನೊಂದು. ಸಂಜೆ ಹಾಲು ನಾನು ಕರೀತೀನಿ ಅಂತ ನಿನ್ನೆ ಕೂತೆ. ಅಮ್ಮ ಕರೆದ್ರೆ ಆರು ಲೀಟರ್, ನಂಗೆ ಎರಡು ಲೀಟರೂ ಬರ್ಲಿಲ್ಲ. ಬಕೆಟ್ಟಿಗೆ ಒದ್ದೂ ಬಿಡ್ತು. ಕೊನೆಗೆ ಅಮ್ಮನೇ ನಕ್ಕೊಂಡು ಬಂದು ಕರೆದ್ರು. 1600 ಮೀಟರೇ ವಾಸಿ.

ಹಾಲಿನ_ಕ್ಯಾನು

ಹೊಸಬರ ಕೈಗೆ ಹಸು ಹಾಲು ಬಿಡಲ್ಲ ತಮ್ಮಾ. ಒಂದು ವಾರ ಬರೀ ಹಿಂಡಿ ಬೂಸಾ ನೀನೇ ಇಡು, ಮೈ ಉಜ್ಜು, ವಾಸನೆ ಗುರುತಾಗ್ಲಿ. ಆಮೇಲೆ ಕೂತ್ಕೋ. ಬಿಸಿನೀರಲ್ಲಿ ಕೆಚ್ಚಲು ತೊಳೆದು, ಒಣಬಟ್ಟೇಲಿ ಒರೆಸಿ, ಅಂಗೈಯಿಂದ ಹಿಂಡು. ಹೆಬ್ಬೆರಳು ಮಡಚಿ ಎಳೀಬೇಡ, ಮೊಲೆ ನೋಯುತ್ತೆ, ಅದಕ್ಕೇ ಒದ್ದಿರೋದು. ಉಗುರು ಕತ್ತರಿಸಿದೀಯಾ?